ಆಟದ ಕ್ಲಬ್‌ನಲ್ಲಿ ಮಕ್ಕಳ ಸುರಕ್ಷತೆ: ಮೊದಲ ಸಭೆಯಿಂದ ದೂರು ಬಂದ ದಿನದವರೆಗೆ

ಹವ್ಯಾಸಿ ಕ್ರೀಡಾ ಕ್ಲಬ್ ನಡೆಯುವುದೇ ಸಂಬಳವಿಲ್ಲದ ಜನರಿಂದ. ಕೆಲಸ ಮುಗಿಸಿ ಬಂದು ಕೋಚಿಂಗ್ ಕೊಡುವವರು, ನೆಟ್ ಕಟ್ಟುವವರು, ಲೆಕ್ಕ ಬರೆಯುವವರು, ತಮ್ಮ ಗಾಡಿಯಲ್ಲೇ ಮಕ್ಕಳನ್ನು ಪಂದ್ಯಕ್ಕೆ ಕರೆದುಕೊಂಡು ಹೋಗುವವರು. ಇಂಥ ಕಡೆ 'ಮಕ್ಕಳ ಸುರಕ್ಷತೆಗೆ ಒಂದಷ್ಟು ನಿಯಮ ಮಾಡೋಣ' ಅಂದರೆ ಮೊದಲು ಬರುವ ಉತ್ತರ ಇದು: 'ನಮ್ಮಲ್ಲಿ ಎಲ್ಲರೂ ಒಳ್ಳೆಯವರೇ. ಸುಮ್ನೆ ಯಾಕೆ ಅನುಮಾನ?'

ಬಹುಪಾಲು ಕ್ಲಬ್‌ಗಳಲ್ಲಿ ಆ ಮಾತು ನಿಜವೂ ಹೌದು. ಆದರೆ ಯಾರು ಒಳ್ಳೆಯವರು, ಯಾರು ಅಲ್ಲ ಎಂದು ಮುಖ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಕೆನಡಾದ ಐಸ್ ಹಾಕಿ ಕೋಚ್ ಗ್ರಹಾಂ ಜೇಮ್ಸ್‌ನನ್ನು 1989ರಲ್ಲಿ ಆ ಆಟದ ಪ್ರಮುಖ ಪತ್ರಿಕೆಯೊಂದು 'ವರ್ಷದ ವ್ಯಕ್ತಿ' ಎಂದು ಆರಿಸಿತ್ತು. 1997ರಲ್ಲಿ, ತನ್ನದೇ ಆಟಗಾರರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ತಪ್ಪಿಗೆ, ಅವನು ಜೈಲಿಗೆ ಹೋದ. ಆಟಗಾರ ಶೆಲ್ಡನ್ ಕೆನಡಿ ಬಾಯಿ ಬಿಟ್ಟು ಹೇಳುವವರೆಗೂ ಹೊರಗಿನವರಿಗೆ ಕಂಡದ್ದು ಕಪ್‌ಗಳು ಮಾತ್ರ.

ಹಾಗಾಗಿ ನಿಯಮಗಳ ಕೆಲಸ ಕೆಟ್ಟವರನ್ನು ಹುಡುಕುವುದಲ್ಲ. ಯಾರಿಗಾದರೂ ಒಂದು ಸಣ್ಣ ಕಸಿವಿಸಿ ಆದಾಗ, ಅದು ಇನ್ನೂ ಸಣ್ಣದಿರುವಾಗಲೇ, ಹೋಗಿ ಸೇರಲು ಒಂದು ಜಾಗ ಇರಬೇಕು. ಅಷ್ಟೇ. 'ಇಷ್ಟಕ್ಕೆಲ್ಲ ಯಾರಿಗೆ ಹೇಳೋದು' ಎಂದು ನುಂಗಿಕೊಂಡ ಮಾತುಗಳೇ ಮುಂದೆ ದೊಡ್ಡ ಪ್ರಕರಣಗಳ ತನಿಖಾ ವರದಿಗಳಲ್ಲಿ ಪುಟಗಟ್ಟಲೆ ಸಿಗುತ್ತವೆ. ಮುಂದಿನ ಹಂತಗಳೆಲ್ಲ ಆ ಜಾಗವನ್ನು ಕಟ್ಟುವುದರ ಬಗ್ಗೆ.

ಹಂತ 1: ಇಬ್ಬರನ್ನು ಆರಿಸಿ

ಮಕ್ಕಳ ಸುರಕ್ಷತೆಯ ದೂರುಗಳನ್ನು ಕೇಳಿ ನೋಡಿಕೊಳ್ಳಲು ಒಬ್ಬ ವೆಲ್‌ಫೇರ್ ಆಫೀಸರ್ ಬೇಕು. ಅವರು ಸಿಗದಾಗ ನೋಡಿಕೊಳ್ಳಲು ಇನ್ನೊಬ್ಬರು. ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಆಗಿದ್ದರೆ ಒಳ್ಳೆಯದು.

ಯಾರಾಗಬಾರದು ಎಂಬುದನ್ನು ಮೊದಲು ಯೋಚಿಸಿ. ಮುಖ್ಯ ಕೋಚ್ ಬೇಡ. ಕೋಚ್ ಮನೆಯವರು ಬೇಡ. ತಂಡದ ಸೆಲೆಕ್ಷನ್ ಮಾಡುವವರು ಬೇಡ. ಅಧ್ಯಕ್ಷರೂ ಬೇಡ. ಸಣ್ಣ ಕ್ಲಬ್‌ಗಳಲ್ಲಿ ಈ ಕೆಲಸಗಳೆಲ್ಲ ಒಂದೇ ಕುಟುಂಬದಲ್ಲಿರುವುದು ಜಾಸ್ತಿ. ಅದೇ ತೊಂದರೆ. ಕೋಚ್ ಬಗ್ಗೆ ದೂರು ಇರುವ ಮಗು ಅದನ್ನು ಕೋಚ್ ಹೆಂಡತಿಗೆ ಹೇಳುತ್ತದಾ? ಟೀಮಿನಲ್ಲಿ ಜಾಗ ಹೋಗುತ್ತದೆ ಎಂಬ ಭಯವೇ ಅರ್ಧ ಮಕ್ಕಳ ಬಾಯಿ ಮುಚ್ಚಿಸುತ್ತದೆ. ಆಟ ಗೊತ್ತಿಲ್ಲದ, ಆದರೆ ಮಕ್ಕಳ ಜೊತೆ ಸಲೀಸಾಗಿ ಮಾತಾಡುವ, ಗುಟ್ಟು ಉಳಿಸಿಕೊಳ್ಳುವ ಒಬ್ಬ ಪಾಲಕರು ಈ ಕೆಲಸಕ್ಕೆ ಮಾಜಿ ಚಾಂಪಿಯನ್‌ಗಿಂತ ಎಷ್ಟೋ ಮೇಲು.

ಆರಿಸಿದ ಮೇಲೆ ಕಮಿಟಿ ಸಭೆಯಲ್ಲಿ ಒಂದು ಸಾಲನ್ನು ನಡಾವಳಿ ಪುಸ್ತಕಕ್ಕೆ ಸೇರಿಸಿ: ಮಗುವಿಗೆ ಅಪಾಯವಿದೆ ಎಂದು ಅನ್ನಿಸಿದರೆ ವೆಲ್‌ಫೇರ್ ಆಫೀಸರ್ ಯಾರ ಅನುಮತಿಯನ್ನೂ ಕೇಳದೆ ನೇರ ಪೊಲೀಸರಿಗೋ ಮಕ್ಕಳ ರಕ್ಷಣೆಯ ಇಲಾಖೆಗೋ ಹೋಗಬಹುದು. ಈ ಸಾಲು ಇಲ್ಲದಿದ್ದರೆ ಆ ಹುದ್ದೆ ಬರೀ ಹೆಸರಿಗೆ. ಅವರಿಗೆ ಪ್ರತ್ಯೇಕ ಫೋನ್ ನಂಬರ್, ಇಬ್ಬರು ಮಾತ್ರ ತೆರೆಯಬಹುದಾದ ಇಮೇಲ್ ಕೊಡಿ. ಕ್ಲಬ್ಬಿನ ಸಾಮಾನ್ಯ ಇಮೇಲ್‌ಗೆ ಇಂಥ ಪತ್ರ ಬಂದರೆ ಏಳು ಜನ ಓದುತ್ತಾರೆ.

ಹಂತ 2: ಎರಡು ಪುಟದಲ್ಲಿ ಬರೆಯಿರಿ

ದೊಡ್ಡ ಒಕ್ಕೂಟದ ನಲವತ್ತು ಪುಟದ ನೀತಿಯನ್ನು ಹೆಸರು ಬದಲಿಸಿ ಅಂಟಿಸಬೇಡಿ. ಅದನ್ನು ಯಾರೂ ಓದುವುದಿಲ್ಲ, ಬರೆದವರೂ ಸೇರಿ. ಎರಡು ಪುಟ ಸಾಕು. ಮಗು ಅಂದರೆ ಯಾರು, ಕೋಚ್‌ಗಳು ಏನು ಮಾಡಬೇಕು, ಏನು ಮಾಡಬಾರದು, ದೂರು ಯಾರಿಗೆ, ದೂರು ಬಂದರೆ ಎಷ್ಟು ಹೊತ್ತಿನೊಳಗೆ ಏನಾಗುತ್ತದೆ. ಮುಗಿಯಿತು.

ಮಗು ಅಂದರೆ 18 ತುಂಬದವರು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಇದೇ ಗೆರೆಯನ್ನು ಹಾಕುತ್ತದೆ. ಇದರಲ್ಲಿ ಕ್ಲಬ್‌ಗಳು ಎಡವುವುದು ಹದಿನಾರು, ಹದಿನೇಳರ ಪ್ರತಿಭಾವಂತರ ವಿಷಯದಲ್ಲಿ. ಹುಡುಗ ಎತ್ತರವಾಗಿದ್ದಾನೆ, ಜೋರಾಗಿ ಬೌಲ್ ಮಾಡುತ್ತಾನೆ, ಸೀನಿಯರ್ ಟೀಮಿಗೆ ಸೇರಿಸಿಕೊಂಡರು. ಅಲ್ಲಿಂದ ಅವನು ದೊಡ್ಡವರ ಡ್ರೆಸ್ಸಿಂಗ್ ರೂಮಿನಲ್ಲಿ, ದೊಡ್ಡವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ, ಪಂದ್ಯದ ನಂತರ ದೊಡ್ಡವರ ಪಾರ್ಟಿಯಲ್ಲಿ. ಯಾರಿಗೂ ಅವನು ಮಗು ಎಂಬ ನೆನಪಿಲ್ಲ. ಸೀನಿಯರ್ ಟೀಮಿನಲ್ಲಿ ಆಡುವ ಪ್ರತಿ ಚಿಕ್ಕವರಿಗೂ ಒಬ್ಬ ಹೊಣೆಗಾರರನ್ನು ಹೆಸರು ಹೇಳಿ ನೇಮಿಸಿ.

ಇನ್ನೊಂದು ಸಾಲು ಬೇಕೇ ಬೇಕು: ಕೋಚ್ ತಾನು ತರಬೇತಿ ಕೊಡುವ 18ರ ಒಳಗಿನವರ ಜೊತೆ ಪ್ರೇಮ ಅಥವಾ ದೈಹಿಕ ಸಂಬಂಧ ಇಟ್ಟುಕೊಳ್ಳುವಂತಿಲ್ಲ. 'ಇಬ್ಬರಿಗೂ ಒಪ್ಪಿಗೆ ಇತ್ತು' ಎಂಬುದು ಇಲ್ಲಿ ಉತ್ತರವಲ್ಲ. ಇಂಗ್ಲೆಂಡ್‌ನಲ್ಲಿ ಒಪ್ಪಿಗೆಯ ವಯಸ್ಸು 16. ಆದರೂ 2022ರ ಜೂನ್‌ನಿಂದ ಅಲ್ಲಿ ಕೋಚ್ ತನ್ನ ಕೈಕೆಳಗಿನ 16, 17ರವರ ಜೊತೆ ಲೈಂಗಿಕ ಸಂಬಂಧ ಇಟ್ಟುಕೊಂಡರೆ ಅಪರಾಧ. ಟೀಮಿನಲ್ಲಿ ಜಾಗ ಕೊಡುವ, ಕಿತ್ತುಕೊಳ್ಳುವ ಕೈ ಯಾರದೋ ಅವರಿಗೆ 'ಬೇಡ' ಎನ್ನುವುದು ಸುಲಭವಲ್ಲ, ಅಲ್ವಾ?

ಹಂತ 3: ಹೊಸಬರನ್ನು ಸೇರಿಸಿಕೊಳ್ಳುವಾಗ

ಸ್ವಯಂಸೇವಕರು ಸಿಗುವುದೇ ಕಷ್ಟ. ಹಾಗಾಗಿ ಯಾರೋ ಒಬ್ಬರು ಬಂದು 'ಜೂನಿಯರ್ ಬ್ಯಾಚ್ ನಾನು ನೋಡಿಕೊಳ್ಳುತ್ತೇನೆ' ಅಂದರೆ ಅದೇ ದಿನ ಕೀಲಿ ಕೈ ಕೊಟ್ಟುಬಿಡುವುದುಂಟು. ಹಾಗೆ ಮಾಡಬೇಡಿ. ಒಂದು ಅರ್ಜಿ ಬರೆಸಿ. ಗುರುತಿನ ಚೀಟಿ ನೋಡಿ. ಹಿಂದೆ ಎಲ್ಲೆಲ್ಲಿ ಕೋಚಿಂಗ್ ಕೊಟ್ಟಿದ್ದಾರೆ ಎಂದು ವರ್ಷದ ಪ್ರಕಾರ ಕೇಳಿ. ನಡುವೆ ಖಾಲಿ ಇದ್ದರೆ ಯಾಕೆ ಎಂದು ಕೇಳಿ.

ಪೊಲೀಸ್ ಪರಿಶೀಲನೆಯ ವ್ಯವಸ್ಥೆ ಇರುವ ಕಡೆ ಅದನ್ನೂ ಮಾಡಿಸಿ. ಆದರೆ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ. ಅದು ತೋರಿಸುವುದು ಹಿಂದೆ ಸಿಕ್ಕಿಬಿದ್ದವರನ್ನು ಮಾತ್ರ. ಸಿಕ್ಕಿಬೀಳದವರ ಕಾಗದ ಯಾವಾಗಲೂ ಸ್ವಚ್ಛ.

ನಿಜವಾಗಿ ಉಪಯೋಗಕ್ಕೆ ಬರುವುದು ಹಿಂದಿನ ಕ್ಲಬ್‌ಗೆ ಮಾಡುವ ಒಂದು ಫೋನ್. ಶಿಫಾರಸು ಪತ್ರವನ್ನು ಎಲ್ಲರೂ ಚೆನ್ನಾಗಿಯೇ ಬರೆದುಕೊಡುತ್ತಾರೆ. ಫೋನಿನಲ್ಲಿ ನೇರ ಪ್ರಶ್ನೆ ಕೇಳಿ: 'ಮಕ್ಕಳ ಜೊತೆ ಇವರ ನಡತೆ ಬಗ್ಗೆ ಯಾರಾದರೂ ಏನಾದರೂ ಹೇಳಿದ್ದುಂಟಾ? ಇವರನ್ನು ಮತ್ತೆ ಕರೆಯುತ್ತೀರಾ?' ಉತ್ತರದಷ್ಟೇ ಉತ್ತರಕ್ಕೆ ಮುಂಚಿನ ಮೌನವೂ ಮುಖ್ಯ. ಆ ನಂತರ ಮೂರು ತಿಂಗಳಾದರೂ ಇನ್ನೊಬ್ಬ ಅನುಭವಿ ಕೋಚ್ ಜೊತೆಗೇ ಇರಲಿ.

ಇದೇ ಮಾತು ನಿಮಗೂ ಅನ್ವಯಿಸುತ್ತದೆ. ನಿಮ್ಮಲ್ಲಿ ತೊಂದರೆ ಮಾಡಿದವರನ್ನು 'ಮರ್ಯಾದೆಯಿಂದ ಬಿಟ್ಟು ಹೋಗಿ' ಎಂದು ಕಳಿಸಿಬಿಟ್ಟರೆ ತೊಂದರೆ ಮುಗಿಯುವುದಿಲ್ಲ. ಮುಂದಿನ ಊರಿನ ಮಕ್ಕಳ ಹತ್ತಿರ ಹೋಗುತ್ತದೆ. ಒಕ್ಕೂಟಕ್ಕೆ ಬರೆದು ತಿಳಿಸಿ. ಯಾರಾದರೂ ಫೋನ್ ಮಾಡಿ ಕೇಳಿದರೆ ಕ್ಲಬ್ಬಿನ ಹೆಸರು ಕೆಡುತ್ತದೆಂದು ಸುಳ್ಳು ಹೇಳಬೇಡಿ.

ಹಂತ 4: ದಿನನಿತ್ಯದ ನಿಯಮಗಳು

ಮೂಲ ನಿಯಮ ಒಂದೇ. ದೊಡ್ಡವರು ಒಬ್ಬರು, ಮಗು ಒಂದು, ಮುಚ್ಚಿದ ಬಾಗಿಲು: ಈ ಮೂರು ಒಟ್ಟಿಗೆ ಸೇರಬಾರದು. ಒಬ್ಬರಿಗೇ ಕೋಚಿಂಗ್ ಕೊಡಬೇಕಾದರೆ ಬೇರೆಯವರ ಕಣ್ಣಿಗೆ ಕಾಣುವ ಜಾಗದಲ್ಲಿ, ಯಾರು ಬೇಕಾದರೂ ಬಂದು ಮಾತಾಡಿಸಬಹುದಾದ ಹಾಗೆ.

ಆದರೆ ಇನ್ನೊಬ್ಬರು ಇದ್ದರೆ ಸಾಕು ಎಂದುಕೊಳ್ಳಬೇಡಿ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್ ಎಷ್ಟೋ ಸಲ ದೌರ್ಜನ್ಯ ಎಸಗಿದ್ದು ಅಪ್ಪ ಅಮ್ಮ ಅದೇ ಕೋಣೆಯಲ್ಲಿರುವಾಗಲೇ. ತನ್ನ ಮೈ ಅಡ್ಡ ಇಟ್ಟು ಅವರಿಗೆ ಕಾಣದಂತೆ ಮಾಡುತ್ತಿದ್ದ. ಚಿಕಿತ್ಸೆ ಎನ್ನುತ್ತಿದ್ದ. 2018ರ ಜನವರಿಯಲ್ಲಿ ಶಿಕ್ಷೆಗೆ ಮುಂಚೆ 150ಕ್ಕೂ ಹೆಚ್ಚು ಮಂದಿ ನ್ಯಾಯಾಲಯದಲ್ಲಿ ಹೇಳಿಕೆ ಕೊಟ್ಟರು. ಇದರಿಂದ ಕಲಿಯಬೇಕಾದದ್ದು: ಫಿಸಿಯೋ ಅಥವಾ ಮಸಾಜ್ ಇದ್ದರೆ ಎಲ್ಲಿ ಮುಟ್ಟುತ್ತಾರೆ, ಯಾಕೆ ಎಂದು ಮುಟ್ಟುವ ಮೊದಲೇ ಮಗುವಿಗೂ ಪಾಲಕರಿಗೂ ಹೇಳಬೇಕು. ಮಗು 'ಬೇಡ' ಅಂದರೆ ನಿಲ್ಲಿಸಬೇಕು. ಕೂತ ಪಾಲಕರಿಗೆ ಕೈ ಕಾಣಬೇಕು. ಕ್ಲಬ್ಬಿನಲ್ಲಿ ಒಳ ಉಡುಪಿನ ಭಾಗಕ್ಕೆ ಕೈ ಹಾಕುವ ಯಾವ ಚಿಕಿತ್ಸೆಯೂ ಇಲ್ಲ.

ಆಟ ಕಲಿಸುವಾಗ ಮುಟ್ಟುವುದು ಬೇರೆ. ಜಿಮ್ನಾಸ್ಟಿಕ್ಸ್‌ನಲ್ಲಿ ಬೀಳುವ ಮಗುವನ್ನು ಹಿಡಿಯದೆ ಇರಲು ಆಗುವುದಿಲ್ಲ. ಈಜಿನಲ್ಲೂ ಹಾಗೆಯೇ, ಕುಸ್ತಿಯಲ್ಲಂತೂ ಸರಿಯೇ ಸರಿ. 'ಮುಟ್ಟಲೇಬಾರದು' ಎಂಬ ನಿಯಮ ಮಾಡಿದರೆ ಅದು ಮೊದಲ ದಿನವೇ ಮುರಿಯುತ್ತದೆ. ಆಮೇಲೆ ಉಳಿದ ನಿಯಮಗಳಿಗೂ ಬೆಲೆ ಇರುವುದಿಲ್ಲ. 'ಈಗ ಸೊಂಟ ಹಿಡಿಯುತ್ತೇನೆ, ಸರಿನಾ?' ಎಂದು ಕೇಳಿ ಹಿಡಿಯುವುದು ರೂಢಿಯಾಗಲಿ.

ಡ್ರೆಸ್ಸಿಂಗ್ ರೂಮಿನಲ್ಲಿ ಫೋನ್ ಹೊರಗೆ ತೆಗೆಯುವಂತಿಲ್ಲ, ಯಾರಾದರೂ ಸರಿ. ದೊಡ್ಡವರು, ಮಕ್ಕಳು ಒಂದೇ ಹೊತ್ತಿಗೆ ಬಟ್ಟೆ ಬದಲಿಸುವುದು, ಸ್ನಾನ ಮಾಡುವುದು ಬೇಡ. ಒಂದೇ ಕೋಣೆ ಇದ್ದರೆ ಸಮಯ ಹಂಚಿಕೊಳ್ಳಿ.

ಮೆಸೇಜ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇತ್ತೀಚೆಗೆ ಗೆರೆ ದಾಟುವುದು ಬಹಳ ಸಲ ಇಲ್ಲಿಂದಲೇ ಶುರುವಾಗುತ್ತದೆ. ಕೋಚ್ ಮಗುವಿಗೆ ಒಂಟಿಯಾಗಿ ಮೆಸೇಜ್ ಮಾಡುವಂತಿಲ್ಲ. ಪಾಲಕರೂ ಇರುವ ಗ್ರೂಪ್, ಇಲ್ಲವೇ ಪಾಲಕರ ನಂಬರಿಗೇ. ತಾನಾಗಿ ಅಳಿಸಿಹೋಗುವ ಮೆಸೇಜ್ ಬೇಡವೇ ಬೇಡ. ಮಗುವೇ ಮೊದಲು ಒಂಟಿಯಾಗಿ ಬರೆದರೆ ಗದರಿಸುವುದು ಬೇಡ; ಉತ್ತರವನ್ನು ಗ್ರೂಪಿನಲ್ಲೋ ಪಾಲಕರನ್ನು ಸೇರಿಸಿಯೋ ಕೊಡಿ. ಗೆರೆ ದಾಟುವವರು ಒಂದೇ ದಿನ ದಾಟುವುದಿಲ್ಲ. ಮೊದಲು 'ಇವತ್ತು ಚೆನ್ನಾಗಿ ಆಡಿದೆ'. ಆಮೇಲೆ ರಾತ್ರಿ ಹನ್ನೊಂದಕ್ಕೆ 'ನಿದ್ದೆ ಬಂತಾ'. ಆಮೇಲೆ ಒಂದು ಉಡುಗೊರೆ. ಆಮೇಲೆ 'ಇದು ನಮ್ಮಿಬ್ಬರ ಮಧ್ಯೆ ಇರಲಿ'. ಒಂದೊಂದನ್ನೇ ನೋಡಿದರೆ ಯಾವುದೂ ದೂರು ಕೊಡುವಂಥದ್ದಲ್ಲ. ನಿಯಮ ಇದ್ದರೆ ಮೊದಲ ಮೆಸೇಜಿಗೇ ಯಾರಾದರೂ ಕೇಳಬಹುದು.

ಗಾಡಿಯಲ್ಲಿ ಕರೆದುಕೊಂಡು ಹೋಗುವಾಗ ತಲೆನೋವು ತರುವುದು ಕೊನೆಗೆ ಇಳಿಯುವ ಮಗು. ಎಷ್ಟು ಮಕ್ಕಳಿದ್ದರೂ ಕೊನೆಗೆ ಒಬ್ಬರೇ ಉಳಿಯುತ್ತಾರೆ. ಕೊನೆಯ ಇಬ್ಬರನ್ನು ಒಂದೇ ಜಾಗದಲ್ಲಿ ಇಳಿಸಿ, ಪಾಲಕರು ಅಲ್ಲಿಗೇ ಬರಲಿ. ಪಾಲಕರು ತಡ ಮಾಡಿದಾಗಲೂ ಇದೇ ಪಾಡು: ಕತ್ತಲಾಗಿದೆ, ಮೈದಾನ ಖಾಲಿ, ಕೋಚ್ ಮತ್ತು ಒಂದು ಮಗು. ಆಗ ಮನೆಗೆ ಕರೆದುಕೊಂಡು ಹೋಗಬೇಡಿ, ಗಾಡಿಯಲ್ಲಿ ಕೂರಿಸಬೇಡಿ. ಬೆಳಕಿರುವ, ಜನ ಕಾಣುವ ಜಾಗದಲ್ಲಿ ಕಾಯಿರಿ. ಪಾಲಕರಿಗೂ ಇನ್ನೊಬ್ಬ ಕೋಚ್‌ಗೂ ಫೋನ್ ಮಾಡಿ. ಮಗುವನ್ನು ಬಿಟ್ಟು ಹೋಗುವಂತೆಯೂ ಇಲ್ಲ.

ಹೊರಗೆ ಉಳಿಯುವ ಟೂರ್ನಿಗೆ ಹೋದರೆ ದೊಡ್ಡವರು ಮಕ್ಕಳ ಕೋಣೆಯಲ್ಲಿ ಮಲಗುವಂತಿಲ್ಲ. ತಮ್ಮ ಸ್ವಂತ ಮಗುವಾದರೆ ಮಾತ್ರ ಬೇರೆ ಮಾತು. ಹನ್ನೊಂದರ ಮಗುವನ್ನು ಹದಿನೇಳರವರ ಜೊತೆ ಹಾಕುವುದೂ ಬೇಡ. ರಾತ್ರಿ ನೋಡಲು ಹೋದರೆ ಇಬ್ಬರು ಹೋಗಿ, ಬಾಗಿಲು ತಟ್ಟಿ, ಬಾಗಿಲಲ್ಲೇ ನಿಂತು ಮಾತಾಡಿ.

ಫೋಟೋ: ಪಾಲಕರ ಒಪ್ಪಿಗೆ ಬರಹದಲ್ಲಿ ಇರಲಿ. ಮಗುವಿನ ಪೂರ್ತಿ ಹೆಸರು, ಶಾಲೆ, ತರಬೇತಿಯ ಸಮಯ ಇವನ್ನೆಲ್ಲ ಒಂದೇ ಪೋಸ್ಟಿನಲ್ಲಿ ಹಾಕಬೇಡಿ.

ಹಂತ 5: ಬೈಯುವುದಕ್ಕೂ ಹಿಂಸೆಗೂ ನಡುವಿನ ಗೆರೆ

ಮಕ್ಕಳ ಸುರಕ್ಷತೆ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಲೈಂಗಿಕ ದೌರ್ಜನ್ಯ. ಆದರೆ ಮೈದಾನದಲ್ಲಿ ಅದಕ್ಕಿಂತ ಜಾಸ್ತಿ, ಎಲ್ಲರ ಕಣ್ಣೆದುರೇ ನಡೆಯುವುದು ಮಾನಸಿಕ ಹಿಂಸೆ. ಬ್ರಿಟನ್ನಿನ ಜಿಮ್ನಾಸ್ಟಿಕ್ಸ್ ಬಗ್ಗೆ 2022ರಲ್ಲಿ ಬಂದ, ವಕೀಲೆ ಆನ್ ವೈಟ್ ಅವರ ತನಿಖಾ ವರದಿಗೆ 400ಕ್ಕೂ ಹೆಚ್ಚು ಹೇಳಿಕೆಗಳು ಬಂದಿದ್ದವು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಮಾನಸಿಕ ಹಿಂಸೆಯ ಮಾತಿತ್ತು. ತೂಕದ ಬಗ್ಗೆ ಎಲ್ಲರ ಮುಂದೆ ಹೀಯಾಳಿಸುವುದು, ಗಾಯದ ಮೇಲೇ ಆಡಿಸುವುದು, ನೀರು ಕೊಡದಿರುವುದು, ಶೌಚಾಲಯಕ್ಕೆ ಬಿಡದಿರುವುದು. ಇದನ್ನೆಲ್ಲ 'ಶಿಸ್ತು' ಎಂದೇ ಕರೆಯುತ್ತಿದ್ದರು.

ಗಟ್ಟಿ ಕೋಚಿಂಗ್ ಬೇಡ ಅಂತಲ್ಲ. ಹೊಡೆತ ತಪ್ಪಿದರೆ 'ಕಾಲು ಮುಂದೆ ಬರಲಿಲ್ಲ, ಮತ್ತೆ ಹತ್ತು ಸಲ ಮಾಡು' ಎನ್ನುವುದು ಕೋಚಿಂಗ್. 'ನಿನ್ನ ಕೈಲಿ ಏನೂ ಆಗಲ್ಲ, ನಿಮ್ಮಪ್ಪನ ದುಡ್ಡು ದಂಡ' ಎನ್ನುವುದು ಕೋಚಿಂಗ್ ಅಲ್ಲ. ಮೊದಲನೆಯದು ಆಟದ ಬಗ್ಗೆ, ಎರಡನೆಯದು ಮಗುವಿನ ಬಗ್ಗೆ. ಗೆರೆ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಕೋಚ್‌ಗೆ ಹೀಗೆ ಕೇಳಿ: ಈ ಮಗುವಿನ ಅಮ್ಮ ಪಕ್ಕದಲ್ಲೇ ನಿಂತಿದ್ದರೂ ಇದೇ ಮಾತು ಇದೇ ದನಿಯಲ್ಲಿ ಹೇಳುತ್ತಿದ್ದಿರಾ? ನೀರು, ಶೌಚಾಲಯ, ಊಟ, ಗಾಯದ ವಿಶ್ರಾಂತಿ ಇವು ನಾಲ್ಕನ್ನು ಶಿಕ್ಷೆಯಾಗಿ ಬಳಸುವಂತಿಲ್ಲ ಎಂದು ನಿಯಮದಲ್ಲೇ ಹಾಕಿ.

ಮಕ್ಕಳೇ ಮಕ್ಕಳಿಗೆ ಕೊಡುವ ಕಾಟವನ್ನು 'ಅದೆಲ್ಲ ತಮಾಷೆ' ಎಂದು ಬಿಡಬೇಡಿ. ಹೊಸಬರಿಗೆ ಟೀಮಿನ ದೊಡ್ಡ ಹುಡುಗರು ಮಾಡುವ 'ಸ್ವಾಗತ' ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಕೋಚ್‌ಗೆ ಕೊನೆಗೆ ಗೊತ್ತಾಗುವುದು. ಬೌಂಡರಿ ಗೆರೆಯಿಂದ ತಮ್ಮದೇ ಮಗುವಿಗೆ ಕಿರುಚುವ ಪಾಲಕರಿಗೂ ನಿಯಮ ಇದೆ. ಒಂದು ಎಚ್ಚರಿಕೆ, ಆಮೇಲೆ ಮೈದಾನದಿಂದ ಹೊರಗೆ.

ಹಂತ 6: ಮಕ್ಕಳಿಗೆ, ಪಾಲಕರಿಗೆ ಹೇಳಿ

ನಿಯಮ ಕಪಾಟಿನಲ್ಲಿದ್ದರೆ ಉಪಯೋಗವಿಲ್ಲ. ಸೀಸನ್ ಶುರುವಿನಲ್ಲಿ ಹತ್ತು ನಿಮಿಷ ತೆಗೆದಿಡಿ. ಮಕ್ಕಳಿಗೆ ವೆಲ್‌ಫೇರ್ ಆಫೀಸರ್ ಮುಖ ತೋರಿಸಿ, ಹೆಸರು ಹೇಳಿ. 'ಯಾರಾದರೂ ಗುಟ್ಟು ಇಟ್ಟುಕೋ ಅಂದರೆ, ಮೈ ಮುಟ್ಟಿದ್ದು ಸರಿ ಅನ್ನಿಸದಿದ್ದರೆ, ಇಲ್ಲಿಗೆ ಬರಲು ಭಯವಾದರೆ ಇವರಿಗೆ ಹೇಳಬಹುದು. ಹೇಳಿದ್ದಕ್ಕೆ ಟೀಮಿನಿಂದ ತೆಗೆಯುವುದಿಲ್ಲ.' ಕೊನೆಯ ವಾಕ್ಯವೇ ಮಕ್ಕಳಿಗೆ ಬೇಕಾದದ್ದು. ಅಂಗವಿಕಲ ಮಕ್ಕಳಿಗೆ, ಮಾತು ಕಷ್ಟವಿರುವವರಿಗೆ ಇದನ್ನು ಅವರಿಗೆ ಹೊಂದುವ ರೀತಿಯಲ್ಲಿ ಹೇಳಿ. ಮೈಗೆ ಕೈ ತಾಗಿಸಿ ಸಹಾಯ ಮಾಡಬೇಕಾದ ಸಂದರ್ಭ ಅವರಿಗೆ ಜಾಸ್ತಿ ಇರುವುದರಿಂದ ಯಾರು, ಯಾವಾಗ, ಹೇಗೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ.

ಪಾಲಕರು ತರಬೇತಿ ನೋಡಲು ಯಾವಾಗ ಬೇಕಾದರೂ ಬರಬಹುದು. 'ನಮ್ಮಲ್ಲಿ ಪಾಲಕರಿಗೆ ಪ್ರವೇಶವಿಲ್ಲ' ಎನ್ನುವ ಕೋಚ್ ಎಷ್ಟೇ ದೊಡ್ಡ ಹೆಸರಿನವರಾದರೂ ಯಾಕೆ ಎಂದು ಕೇಳಿ.

ಇನ್ನು ಲಕ್ಷಣಗಳು. ಇಷ್ಟಪಟ್ಟು ಬರುತ್ತಿದ್ದ ಮಗು ಒಂದೇ ಸಲ ಬರಲು ಹಟ ಮಾಡುವುದು, ಒಬ್ಬರ ಹೆಸರು ಕೇಳಿದರೆ ಮುದುಡುವುದು, ವಿವರಣೆ ಇಲ್ಲದ ಗಾಯ, ಬಟ್ಟೆ ಬದಲಿಸಲು ಒಪ್ಪದಿರುವುದು, ಎಲ್ಲಿಂದಲೋ ಬಂದ ದುಬಾರಿ ಶೂ. ಇದರಲ್ಲಿ ಯಾವ ಒಂದೂ ಸಾಕ್ಷಿಯಲ್ಲ. ಪರೀಕ್ಷೆ ಭಯವೂ ಇರಬಹುದು, ಮನೆಯ ಜಗಳವೂ ಇರಬಹುದು. ಏನೇ ಇದ್ದರೂ ಮಗುವಿಗೆ ಏನೋ ಕಷ್ಟವಿದೆ ಎಂಬುದಂತೂ ಹೌದು. ಹೊಡೆತ ಮನೆಯಲ್ಲೇ ಬೀಳುತ್ತಿದ್ದು, ಅದು ಮೊದಲು ಕಣ್ಣಿಗೆ ಬೀಳುವುದು ಕೋಚ್‌ಗೇ ಇರಬಹುದು.

ಹಂತ 7: ಮಗು ಹೇಳಿದಾಗ

ಮಗು ಇದನ್ನು ಹೇಳಲು ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಬರುವುದಿಲ್ಲ. ಕೋನ್‌ಗಳನ್ನು ಎತ್ತಿಡುವಾಗ, ಶೂ ಲೇಸ್ ಕಟ್ಟುವಾಗ, ಅರ್ಧ ವಾಕ್ಯದಲ್ಲಿ ಹೇಳುತ್ತದೆ. 'ನನ್ನ ಫ್ರೆಂಡ್‌ಗೆ ಹೀಗಾಯ್ತಂತೆ' ಎಂದು ಶುರು ಮಾಡುವುದೂ ಉಂಟು. ನಿಮ್ಮ ಮುಖ ಹೇಗಾಗುತ್ತದೆ ಎಂದು ನೋಡಿ, ಉಳಿದರ್ಧ ಹೇಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ.

ಹಾಗಾಗಿ ಕೈಲಿದ್ದ ಕೆಲಸ ನಿಲ್ಲಿಸಿ. ಗಾಬರಿ, ಸಿಟ್ಟು ತೋರಿಸಬೇಡಿ. ಕೇಳಿ. ಮಗು ನಿಲ್ಲಿಸಿದರೆ ನೀವೂ ಸುಮ್ಮನಿರಿ. ಪ್ರಶ್ನೆ ಬೇಕೆನಿಸಿದರೆ 'ಆಮೇಲೆ?', 'ಅದರ ಬಗ್ಗೆ ಇನ್ನೂ ಹೇಳ್ತೀಯಾ?' ಇಷ್ಟೇ. 'ಅವರು ಇಲ್ಲಿ ಮುಟ್ಟಿದ್ರಾ?' ಎಂದು ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟು ಕೇಳಬೇಡಿ. ಮುಂದೆ ಪ್ರಕರಣ ನ್ಯಾಯಾಲಯಕ್ಕೆ ಹೋದರೆ 'ಮಗುವಿನ ಬಾಯಲ್ಲಿ ಮಾತು ತುರುಕಿದ್ದು ನೀವು' ಎಂಬ ವಾದ ಹುಟ್ಟುವುದೇ ಇಂಥ ಪ್ರಶ್ನೆಯಿಂದ. 'ಯಾಕೆ ಮೊದಲೇ ಹೇಳಲಿಲ್ಲ?' ಎಂದಂತೂ ಕೇಳಲೇಬೇಡಿ.

ಮಗು 'ಯಾರಿಗೂ ಹೇಳಬೇಡಿ, ಪ್ರಾಮಿಸ್ ಮಾಡಿ' ಎನ್ನುತ್ತದೆ. ಹೆಚ್ಚು ಕಡಿಮೆ ಎಲ್ಲ ಮಕ್ಕಳೂ ಹೇಳುವ ಮಾತಿದು. ಪ್ರಾಮಿಸ್ ಮಾಡಬೇಡಿ. ಆಮೇಲೆ ಮುರಿದರೆ ಮಗುವಿನ ನಂಬಿಕೆ ಎರಡನೇ ಸಲ ಮುರಿದಂತೆ. ಹೀಗೆ ಹೇಳಬಹುದು: 'ನೀನು ಹೇಳಿದ್ದು ಒಳ್ಳೆಯದಾಯಿತು. ಇದರಲ್ಲಿ ನಿನ್ನ ತಪ್ಪಿಲ್ಲ. ಇದನ್ನು ಸರಿ ಮಾಡಲು ನಾನೊಬ್ಬನೇ ಸಾಲದು. ಸಹಾಯ ಮಾಡಬಲ್ಲ ಒಬ್ಬರಿಗೆ ಮಾತ್ರ ಹೇಳುತ್ತೇನೆ. ಟೀಮಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.' ಮುಂದೆ ಏನಾಗುತ್ತದೆ ಎಂದು ಗೊತ್ತಿದ್ದಷ್ಟೇ ಹೇಳಿ. 'ಅವರನ್ನು ನಾಳೆಯೇ ಜೈಲಿಗೆ ಹಾಕಿಸುತ್ತೇನೆ' ಎಂಬ ಭರವಸೆ ಬೇಡ.

ಹಂತ 8: ಬರೆಯಿರಿ, ಮುಂದೆ ಕಳಿಸಿ, ತನಿಖೆ ಮಾಡಬೇಡಿ

ಅವತ್ತೇ ಬರೆಯಿರಿ. ಸಾಧ್ಯವಾದರೆ ಮೈದಾನದಿಂದ ಹೊರಡುವ ಮೊದಲೇ. ದಿನ, ಹೊತ್ತು, ಜಾಗ, ಯಾರಿದ್ದರು. ಮಗು ಹೇಳಿದ್ದು ಮಗುವಿನ ಮಾತಲ್ಲೇ, ಪದ ಒರಟಾಗಿದ್ದರೂ ತಿದ್ದದೆ. ನೀವು ಕೇಳಿದ ಪ್ರಶ್ನೆಯನ್ನೂ ಬರೆಯಿರಿ. ಕಂಡದ್ದು ಬೇರೆ, ಅನ್ನಿಸಿದ್ದು ಬೇರೆ. 'ಮಗು ಅಳುತ್ತಿತ್ತು' ಕಂಡದ್ದು. 'ಭಯಪಟ್ಟಿತ್ತು' ಅನ್ನಿಸಿದ್ದು. ಸಹಿ ಹಾಕಿ ವೆಲ್‌ಫೇರ್ ಆಫೀಸರ್ ಕೈಗೆ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ.

ಮಗುವಿಗೆ ಈಗಲೇ ಅಪಾಯವಿದ್ದರೆ ಯಾರನ್ನೂ ಕಾಯಬೇಡಿ. ತುರ್ತು ನಂಬರಿಗೆ ಫೋನ್ ಮಾಡಿ, ಆಮೇಲೆ ಆಫೀಸರ್‌ಗೆ ಹೇಳಿ.

ಇಲ್ಲೇ ಒಳ್ಳೆಯ ಕ್ಲಬ್‌ಗಳೂ ದಾರಿ ತಪ್ಪುವುದು. 'ಮೊದಲು ನಿಜವೋ ಸುಳ್ಳೋ ನೋಡೋಣ' ಎಂದು ಕಮಿಟಿ ಕೂರುತ್ತದೆ. ಕೋಚ್‌ನನ್ನು ಕರೆದು ಕೇಳುತ್ತಾರೆ. ಮಗುವನ್ನು ಮತ್ತೆ ಮತ್ತೆ ಹೇಳಿಸುತ್ತಾರೆ. ಅಷ್ಟರಲ್ಲಿ ಫೋನಿನಲ್ಲಿದ್ದ ಮೆಸೇಜ್‌ಗಳು ಅಳಿಸಿಹೋಗಿರುತ್ತವೆ, ಮಗುವಿನ ಮನೆಗೆ ಒತ್ತಡ ಹೋಗಿರುತ್ತದೆ. ನಾಸರ್ ಬಗ್ಗೆ ಅಮೆರಿಕದ ಜಿಮ್ನಾಸ್ಟಿಕ್ಸ್ ಸಂಸ್ಥೆಗೆ 2015ರ ಜೂನ್‌ನಲ್ಲಿ ಗೊತ್ತಾಯಿತು. ಸಂಸ್ಥೆ ಮೊದಲು ತನ್ನದೇ ತನಿಖೆಗೆ ಜನ ಇಟ್ಟಿತು. ಎಫ್‌ಬಿಐಗೆ ಹೇಳಿದ್ದು ಸುಮಾರು ಐದು ವಾರದ ನಂತರ. ಎಫ್‌ಬಿಐ ಕೂಡ ಸರಿಯಾಗಿ ಮುಂದುವರಿಯಲಿಲ್ಲ ಎಂದು ಅಲ್ಲಿನ ನ್ಯಾಯ ಇಲಾಖೆಯ ಮೇಲ್ವಿಚಾರಣಾ ವರದಿ 2021ರಲ್ಲಿ ಹೇಳಿತು. 2016ರವರೆಗೂ ನಾಸರ್ ತಾನು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯದಲ್ಲಿ ರೋಗಿಗಳನ್ನು ನೋಡುತ್ತಲೇ ಇದ್ದ. ಅದಕ್ಕೇ ಒಂದು ಕಡೆ ಹೇಳಿ ಸುಮ್ಮನಾಗುವುದೂ ಸಾಲದು. ಏನಾಯಿತು ಎಂದು ವೆಲ್‌ಫೇರ್ ಆಫೀಸರ್ ಮತ್ತೆ ಕೇಳುತ್ತಿರಬೇಕು.

ಹಲವು ಕಡೆ ಇದು ಬರೀ ಸಲಹೆಯಲ್ಲ, ಕಾನೂನು. ಅಮೆರಿಕದಲ್ಲಿ 2018ರ ಸೇಫ್ ಸ್ಪೋರ್ಟ್ ಕಾಯ್ದೆಯ ಪ್ರಕಾರ ಕ್ರೀಡಾ ಸಂಸ್ಥೆಗಳ ದೊಡ್ಡವರು ಅನುಮಾನ ಬಂದ 24 ಗಂಟೆಯೊಳಗೆ ತಿಳಿಸಬೇಕು. ಭಾರತದಲ್ಲಿ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಿದ್ದವರು ಯಾರೇ ಆದರೂ ಪೊಲೀಸರಿಗೆ ಹೇಳಲೇಬೇಕು. ಹೇಳದಿದ್ದರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಜೈಲು. ಮಕ್ಕಳ ಸಹಾಯವಾಣಿ 1098. ನೀವಿರುವ ಕಡೆಯ ಕಾನೂನು, ನಂಬರ್ ಏನು ಎಂಬುದನ್ನು ದೂರು ಬಂದ ರಾತ್ರಿ ಹುಡುಕಬೇಡಿ. ಈಗಲೇ ಆ ಎರಡು ಪುಟದಲ್ಲಿ ಹಾಕಿಕೊಳ್ಳಿ.

ಆರೋಪ ಬಂದ ಕೋಚ್‌ನನ್ನು ತನಿಖೆ ಮುಗಿಯುವವರೆಗೆ ಮಕ್ಕಳಿಂದ ದೂರ ಇಡಿ. ಇದು ಶಿಕ್ಷೆಯಲ್ಲ, ಅವರಿಗೂ ಒಂದು ರಕ್ಷಣೆ ಎಂದು ಬರಹದಲ್ಲೇ ಹೇಳಿ. ಕೋಚ್‌ಗೆ ಯಾವಾಗ, ಏನು ಹೇಳಬೇಕು ಎಂದು ಮೊದಲು ಪೊಲೀಸರನ್ನು ಕೇಳಿ. ಆ ಕೋಚ್ ಜೊತೆ ಮಾತಾಡಲು ಕ್ಲಬ್ಬಿನಿಂದ ಒಬ್ಬರನ್ನು ಗೊತ್ತು ಮಾಡಿ. ಆರೋಪ ಸುಳ್ಳಾಗಲೂಬಹುದು, ಆಗ ಅವರು ವಾಪಸ್ ಬರಬೇಕು. ಮಗುವಿಗೆ ಬೇರೆ ಬ್ಯಾಚ್‌ಗೆ ಹೋಗು ಅನ್ನಬೇಡಿ. ಜಾಗ ಬಿಡಬೇಕಾದದ್ದು ಮಗು ಅಲ್ಲ. ಗ್ರೂಪಿನಲ್ಲಿ ಗುಸುಗುಸು ಶುರುವಾದರೆ ಒಂದೇ ಸಾಲು: 'ಒಂದು ವಿಷಯ ಸಂಬಂಧಪಟ್ಟವರ ಕೈಯಲ್ಲಿದೆ, ಯಾರ ಹೆಸರನ್ನೂ ಇಲ್ಲಿ ಹಾಕಬೇಡಿ.'

ಹಂತ 9: ಸಣ್ಣ ವಿಷಯಗಳ ಪುಸ್ತಕ

ಹೆಚ್ಚಿನ ಕ್ಲಬ್‌ಗಳು ಇದನ್ನು ಇಡುವುದಿಲ್ಲ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಕಡಿಮೆ ಖರ್ಚಿನ, ಜಾಸ್ತಿ ಕೆಲಸ ಮಾಡುವ ವಸ್ತು ಇದೇ. ದೂರು ಎನ್ನುವಷ್ಟು ದೊಡ್ಡದಲ್ಲದ, ಆದರೆ ಮನಸ್ಸಿಗೆ ಸರಿ ಕಾಣದ ವಿಷಯಗಳನ್ನು ವೆಲ್‌ಫೇರ್ ಆಫೀಸರ್ ಒಂದು ಕಡೆ ಬರೆದಿಡುತ್ತಾರೆ. 'ಕೋಚ್ ಒಬ್ಬಳೇ ಹುಡುಗಿಯನ್ನು ಮನೆಗೆ ಬಿಟ್ಟರು.' 'ಒಂದೇ ಮಗುವಿಗೆ ಎರಡನೇ ಸಲ ಉಡುಗೊರೆ.' ಬರೆದಾಗ ಕೋಚ್ ಜೊತೆ ಸಹಜವಾಗಿ ಮಾತಾಡಬೇಕು: 'ನಿಯಮ ಹೀಗಿದೆ, ಇನ್ನು ಮುಂದೆ ನೆನಪಿಡಿ.' ಹತ್ತರಲ್ಲಿ ಒಂಬತ್ತು ಸಲ ಅಲ್ಲಿಗೇ ಮುಗಿಯುತ್ತದೆ, ಕೋಚ್‌ಗೂ ಬೇಜಾರಾಗುವುದಿಲ್ಲ. ಮೂರು ಬೇರೆ ಬೇರೆ ಜನ, ಮೂರು ಬೇರೆ ಬೇರೆ ದಿನ, ಒಂದೇ ಹೆಸರು ಹೇಳಿದ್ದರೆ ಮಾತ್ರ ಆ ಪುಟ ಬೇರೆಯೇ ಕಥೆ ಹೇಳುತ್ತದೆ. ಆ ಮೂವರಲ್ಲಿ ಯಾರಿಗೂ ಉಳಿದಿಬ್ಬರ ವಿಷಯ ಗೊತ್ತಿರುವುದಿಲ್ಲ. ಗೊತ್ತಿರುವುದು ಪುಸ್ತಕಕ್ಕೆ ಮಾತ್ರ. ಕೋಚ್ ತಾನೇ ಬಂದು 'ಇವತ್ತು ಪಾಲಕರು ಬರಲಿಲ್ಲ, ಹೀಗೆ ಮಾಡಬೇಕಾಯಿತು' ಎಂದು ಬರೆಸುವುದೂ ರೂಢಿಯಾಗಲಿ. ಪುಸ್ತಕಕ್ಕೆ ಬೀಗ ಇರಲಿ, ಕೀಲಿ ಇಬ್ಬರ ಹತ್ತಿರ ಮಾತ್ರ.

ಹಂತ 10: ಮೈಯ ಸುರಕ್ಷತೆ

ಇದು ಬೇರೆಯೇ ಮಾರ್ಗದರ್ಶಿ ಆಗುವಷ್ಟು ದೊಡ್ಡದು. ಆದರೂ ಕ್ಲಬ್ಬಿನ ಪ್ರತಿ ಕೋಚ್‌ಗೆ ಗೊತ್ತಿರಲೇಬೇಕಾದವು ಕೆಲವು.

ತಲೆಗೆ ಪೆಟ್ಟು ಬಿದ್ದು ಕನ್ಕಷನ್ (ಪೆಟ್ಟಿನಿಂದ ಮೆದುಳಿಗೆ ಆಗುವ ತೊಂದರೆ) ಅನುಮಾನ ಬಂದರೆ ಅವತ್ತು ಮತ್ತೆ ಆಡಿಸುವಂತಿಲ್ಲ, ಫೈನಲ್ ಆದರೂ ಸರಿ. ಎಚ್ಚರ ತಪ್ಪದೆಯೂ ಕನ್ಕಷನ್ ಆಗುತ್ತದೆ. ತಲೆನೋವು ಏರುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ಫಿಟ್ಸ್ ಬಂದರೆ, ಕತ್ತು ನೋವಿದ್ದರೆ ನೇರ ಆಸ್ಪತ್ರೆಗೆ. ಆಟಗಾರ 'ನಾನು ಸರಿಯಾಗಿದ್ದೇನೆ' ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಬಿಸಿಲಿನಲ್ಲಿ ಆಡುವಾಗ ಮಾತು ತೊದಲಿ, ದಿಕ್ಕು ತಪ್ಪಿ ಕುಸಿದರೆ ಅದು ಹೀಟ್ ಸ್ಟ್ರೋಕ್ ಎಂದೇ ತಿಳಿಯಿರಿ. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ, ಅದು ಬರುವವರೆಗೂ ಕಾಯದೆ ಕತ್ತಿನವರೆಗೆ ತಣ್ಣೀರಿನಲ್ಲಿ ಕೂರಿಸಿ, ತಲೆ ಮುಳುಗದಂತೆ ಹಿಡಿದುಕೊಳ್ಳಿ. ಟಬ್ ಇಲ್ಲದಿದ್ದರೆ ನೀರು ಸುರಿಯುತ್ತಲೇ ಇರಿ. ಯಾರೂ ತಾಗದೆ ಕುಸಿದು ಬಿದ್ದು ಉಸಿರು ಸರಿಯಾಗಿಲ್ಲದಿದ್ದರೆ ಅದು ಹೃದಯ ನಿಂತಿರಬಹುದು. ನಡುನಡುವೆ ಬಾಯಿ ತೆರೆದು ಎಳೆದಂತೆ ಬರುವ ಉಸಿರನ್ನು ಸರಿಯಾದ ಉಸಿರು ಎಂದುಕೊಳ್ಳಬೇಡಿ. ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಿ, ಎಇಡಿ (ಹೃದಯಕ್ಕೆ ಶಾಕ್ ಕೊಡುವ ಸಣ್ಣ ಯಂತ್ರ) ತರಿಸಿ. ಅದು ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರಲಿ. ಎದೆ ಒತ್ತದೆ, ಶಾಕ್ ಕೊಡದೆ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ.

ತೂಕದ ವರ್ಗ ಇರುವ ಆಟಗಳಲ್ಲಿ ಮಕ್ಕಳಿಗೆ ನೀರು ಬಿಡಿಸಿ, ಬೆವರಿಳಿಸಿ ತೂಕ ಇಳಿಸುವುದನ್ನು ಪೂರ್ತಿ ನಿಲ್ಲಿಸಿ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುವಾಗಲೇ ಸತ್ತರು. ಆಮೇಲೆ ಅಲ್ಲಿನ ನಿಯಮಗಳೇ ಬದಲಾದವು. ಹುಡುಗಿಯರಲ್ಲಿ ಮುಟ್ಟು ನಿಂತರೆ ಅದು 'ಚೆನ್ನಾಗಿ ಪ್ರಾಕ್ಟೀಸ್ ಮಾಡುತ್ತಿದ್ದಾಳೆ' ಎಂಬುದರ ಗುರುತಲ್ಲ. ಊಟ ಸಾಲುತ್ತಿಲ್ಲ ಎಂಬ ಸೂಚನೆ ಇರಬಹುದು, ವೈದ್ಯರಿಗೆ ತೋರಿಸಬೇಕು.

ಹಂತ 11: ಯಾವುದು ಮೊದಲು

ಎಲ್ಲ ಒಂದೇ ವಾರಕ್ಕೆ ಆಗದು. ಮೊದಲ ಸಭೆಯಲ್ಲಿ ಇಬ್ಬರನ್ನು ಆರಿಸಿ, ಆ ಒಂದು ಸಾಲು ನಡಾವಳಿಯಲ್ಲಿ ಸೇರಿಸಿ. ಅದೇ ವಾರ ಮೆಸೇಜ್ ಮತ್ತು ಡ್ರೆಸ್ಸಿಂಗ್ ರೂಮ್ ನಿಯಮ ಜಾರಿಗೆ ತನ್ನಿ. ಇವಕ್ಕೆ ದುಡ್ಡು ಬೇಡ, ಕಾಗದವೂ ಬೇಡ. ಎರಡು ಪುಟ ಬರೆದು ಮುಗಿಸಲು ಒಂದು ತಿಂಗಳು ತೆಗೆದುಕೊಳ್ಳಿ. ಈಗಾಗಲೇ ಇರುವ ಕೋಚ್‌ಗಳಿಗೂ ಹೊಸಬರಷ್ಟೇ ಪರಿಶೀಲನೆ ಮಾಡಿ, ಹಿರಿಯರಿಂದಲೇ ಶುರು ಮಾಡಿ. ಇಪ್ಪತ್ತು ವರ್ಷದಿಂದ ಇರುವವರು ಮೊದಲು ಅರ್ಜಿ ತುಂಬಿದರೆ ಉಳಿದವರು ಗೊಣಗುವುದಿಲ್ಲ.

ಆಮೇಲೆ ವರ್ಷಕ್ಕೊಮ್ಮೆ ಒಂದು ಪರೀಕ್ಷೆ. ಕ್ಲಬ್ಬಿಗೆ ಹೊಸದಾಗಿ ಸೇರಿದ ಒಂದು ಮಗುವನ್ನು ಕೇಳಿ: 'ಇಲ್ಲಿ ಏನಾದರೂ ತೊಂದರೆ ಆದರೆ ಯಾರಿಗೆ ಹೇಳ್ತೀಯಾ?' ಹೆಸರು ಗೊತ್ತಿಲ್ಲದಿದ್ದರೆ ಆರನೇ ಹಂತಕ್ಕೆ ವಾಪಸ್ ಹೋಗಿ. ಬೋರ್ಡಿನ ಮೇಲಿರುವ ನಂಬರಿಗೆ ಒಂದು ಭಾನುವಾರ ಸಂಜೆ ನೀವೇ ಫೋನ್ ಮಾಡಿ, ಯಾರಾದರೂ ಎತ್ತುತ್ತಾರಾ ನೋಡಿ.